ಹುಸೇನಿನ ಮುಂದಿನ ಅಪ್ಪ

ಮೀಸೆಗೆ ಹಚ್ಚಿದ ಬಣ್ಣ ಕೆಂಪಗಾಗಿ ಕೈಕೊಟ್ಟಿದ್ದರಿಂದ ಮೀಸೆಯನ್ನೇ ಬೋಳಿಸಿಕೊಂಡು ಹೊಸಪೇಟೆ ಬಸ್ ನಿಲ್ದಾಣದ ಪಕ್ಕದ ಹೋಟೆಲಿಗೆ ಹೋಗಿದ್ದೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಗಲ್ಲಾದ ಮುಂದೆ ನಿಂತರೆ, ಮುಖ ನೋಡಿ ತೆರೆಯಬೇಕಾದ ನನ್ನ ಹೊಸ ಫೋನು ನನ್ನನ್ನು ಗುರುತಿಸಲಿಲ್ಲ. ಕನ್ನಡಕ ತೆಗೆದೆ, ಹಾಕಿದೆ, ನಕ್ಕೆ, ಕೊನೆಗೆ ಸಿಟ್ಟಿನ ಮುಖವನ್ನೂ ತೋರಿಸಿದೆ. ಊಹೂಂ.

"ಸರ, ಅಲ್ಲಿ ನಳ ಐತಿ, ಮಾರಿ ತೊಳ್ಕಂಡು ಬರ್ರಿ" ಎಂದ ಗಲ್ಲಾದವನು. ಹೋಟೆಲು ಪೂರ್ತಿ ನಕ್ಕಿತು. ನಗದೆ ಕೂತಿದ್ದವನು ಒಬ್ಬನೇ, ಹುಸೇನಪ್ಪ.

ನಮ್ಮ ಬಚ್ಚಲಿಗೆ ಟೈಲ್ಸ್ ಹಾಕಿದ ಮೇಸ್ತ್ರಿ ಅವನು. ನಾನು ಬರೆದ ಹಾಸ್ಯಕ್ಕೆ ಯಾರೂ ನಗದಿದ್ದರೂ ಅವನು ನಗುತ್ತಿದ್ದ, ಓದದೆಯೇ. ಅಂಥವನು ಬಿಳಿಚಿಕೊಂಡು ಹತ್ತಿರ ಬಂದು ಪಿಸುಗುಟ್ಟಿದ: "ಸರ, ನಿಮ್ಮ ಫೋನಿಗೆ ನೀವು ಯಾರೂ ಅಲ್ಲ. ಪುಣ್ಯವಂತರು. ನಾನು ಇನ್ನೊಬ್ಬ ಆಗೀನ್ರಿ."

ಆದದ್ದಿಷ್ಟು. ಕಡ್ಡಿರಾಂಪುರದಲ್ಲಿ ಹೊಸ ಹೋಂಸ್ಟೇ ಒಂದರ ಟೈಲ್ಸ್ ಕೆಲಸಕ್ಕೆ ಹೋಗಿದ್ದ ಹುಸೇನಪ್ಪ, ಅಲ್ಲಿನ ಬಂಗಾಳಿ ಗಾರೆಯವರ ಜೊತೆ ತಗಡಿನ ಶೆಡ್ಡಿನಲ್ಲೇ ಉಳಿದಿದ್ದ. ಕಳ್ಳದಾರಿಯಲ್ಲಿ ದೇಶದೊಳಗೆ ಬಂದವರನ್ನು ಹುಡುಕುವ ತಂಡವೊಂದು ಹೊರಗಿನಿಂದ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮುಖಕ್ಕೆ ಫೋನು ಹಿಡಿಯಿತು. ಕಾರ್ಮಿಕರ ಕಾರ್ಡಿಗೆ ಫೋಟೊ ತೆಗೆಯುತ್ತಿದ್ದಾರೆಂದುಕೊಂಡ ಇವನು ತಲೆ ಬಾಚಿಕೊಂಡು ಚೆಂದಗೆ ನಕ್ಕ. ಫೋನು, ಗಡಿಯಾಚೆಗೆ ಒಮ್ಮೆ ಅಟ್ಟಿದ್ದ ಯಾವನೋ ಹುಸೇನನ ಮುಖಕ್ಕೆ ಆ ನಗುವನ್ನು ಜೋಡಿಸಿತು. ನಾಳೆ ಠಾಣೆಗೆ ಬಾ ಎಂದಿದ್ದರು.

"ನೀವು ಓದಿದವ್ರು, ಜತಿಗೆ ಬರ್ರಿ" ಎಂದ. ಮರುದಿನ ಹೋದೆ. ಠಾಣೆಯ ಹೊರಗೆ ಬೇವಿನ ಮರದ ಕೆಳಗೆ ಅವನ ಹೆಂಡತಿ ತಿಪ್ಪಕ್ಕ ಅವನ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಸರ, ಆ ದೇಶದಾಗ ಜ್ವಾಳದ ರೊಟ್ಟಿ ಸಿಗ್ತಾವೇನ್ರಿ?" ಎಂದು ಕೇಳಿದಳು. ಕಂಪ್ಲಿ ಸೇತುವೆ ದಾಟಿದರೆ ಪರದೇಶ ಎನ್ನುವ ಮನೆ ಅದು.

"ಹೆಸರು?" ಎಂದ ಒಳಗೆ ಕೂತಿದ್ದ ತಂಡದ ಸಾಹೇಬ.

"ಹುಸೇನಪ್ಪ ರೀ."

"ಹುಸೇನ್ ಅಂತ ನೆಟ್ಟಗೆ ಹೇಳು."

"ಮುಂದ ಅಪ್ಪ ಐತ್ರಿ."

"ಅಪ್ಪನ ಹೆಸರು ಆಮೇಲೆ ಕೇಳ್ತೀನಿ."

"ಅಲ್ರಿ, ಹುಸೇನಿನ ಮುಂದ ಅಪ್ಪ ಐತ್ರಿ."

"ಸರಿ, ಯಾರು ನಿನ್ನಪ್ಪ?"

"ಫಕೀರಪ್ಪ ರೀ."

ಸಾಹೇಬ ಪಕ್ಕದವನ ಮುಖ ನೋಡಿದ.

ಹುಟ್ಟಿದ ಕೂಸುಗಳು ಉಳಿಯದಿದ್ದಾಗ ಇವನ ತಾಯಿ ಹೊಳೆಮ್ಮ ಮೊಹರಮ್ಮಿನ ಪೀರಲ ದೇವರಿಗೆ ಹರಕೆ ಹೊತ್ತು ಹೆತ್ತದ್ದು, ಅದಕ್ಕೇ ಆ ಹೆಸರು, ನಮ್ಮ ಕಡೆ ಮನೆಗೊಬ್ಬ ಹಿಂದೂ ಹುಸೇನಪ್ಪ ಸಿಗುತ್ತಾನೆ ಎಂದು ನಾನು ತೊದಲಿದೆ. ಅಪ್ಪ ಇಲ್ಲದ ಬರೀ ಹುಸೇನನೂ ಇದೇ ಊರಿನವನು ಇರಬಹುದಲ್ಲ ಎಂಬುದು ಯಂತ್ರಕ್ಕೂ ಹೊಳೆದಿರಲಿಲ್ಲ, ಆ ಹೊತ್ತಿನಲ್ಲಿ ನನಗೂ ಹೊಳೆಯಲಿಲ್ಲ.

"ನೂರಕ್ಕೆ ಎಂಬತ್ತೊಂದು ಹೊಂದಿಕೆ ಬಂದಿದೆ" ಎಂದ ಸಾಹೇಬ. ಗಣಿತದಲ್ಲಿ ಮೂವತ್ತೈದು ತೆಗೆದು ಪಾಸಾದವನು ಎಂಬತ್ತೊಂದರ ಎದುರು ಏನು ಜಗಳಾಡಲಿ? ಆಧಾರ್ ಇದೆಯೆಂದರೆ, ಬೆರಳು ಒತ್ತು ಎಂದರು. ಸಿಮೆಂಟು ತಿಂದ ಬೆರಳಿನಲ್ಲಿ ಗೆರೆಯೇ ಇಲ್ಲ. ಒತ್ತಿದಷ್ಟೂ ಸಲ ಯಂತ್ರ ಕೆಂಪು ದೀಪ ತೋರಿಸಿತು. ಮುಖ ಬೇರೆಯವನದು, ಬೆರಳು ಯಾರದೂ ಅಲ್ಲ. ಹುಸೇನಪ್ಪ ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಂಡ, ಯಾರಾದರೂ ಬದಲಾಯಿಸಿದರೋ ಎಂಬಂತೆ.

ಆಗ ಚಹಾ ತಂದ ನಮ್ಮೂರ ಪೇದೆ ಓಬಳಪ್ಪ ಇವನನ್ನು ಕಂಡು, "ಲೇ ಹುಸೇನಾ, ನೀ ಯಾಕಲೇ ಇಲ್ಲಿ?" ಎಂದ. ವಿಷಯ ತಿಳಿದು, "ಸರ, ಪ್ರತಿ ಮೊಹರಮ್ಮಿಗೂ ಅಲಾಯಿ ಬೆಂಕಿ ಕುಣಿ ಸುತ್ತ ನಾವಿಬ್ಬರೂ ಜತಿಗೆ ಹೆಜ್ಜಿ ಹಾಕೀವ್ರಿ. ಸಣ್ಣಂದಿನಿಂದ ಇವನ್ದು ತಾಳ ತಪ್ಪೋದು ಊರಿಗೇ ಗೊತ್ತೈತ್ರಿ" ಎಂದ.

ಸದ್ಯಕ್ಕೆ ಹೋಗು, ಕರೆದಾಗ ಬಾ ಎಂದು ಬಿಟ್ಟರು. ಇವನಂತೆಯೇ ಠಾಣೆಗೆ ಕರೆಸಿದ್ದ ಶೆಡ್ಡಿನ ಗಾರೆಯ ಹುಡುಗನೊಬ್ಬನನ್ನು ಮಾತ್ರ ಜೀಪಿಗೆ ಹತ್ತಿಸಿದರು. ತಾನು ಪಶ್ಚಿಮ ಬಂಗಾಳದ ಮಾಲ್ದಾದವನು ಎಂದು ಅಳುತ್ತಿದ್ದ. ನಿಜವೋ ಸುಳ್ಳೋ, ಅವನ ಜತೆ ಹೆಜ್ಜೆ ಹಾಕಿದವರು ಇಲ್ಲಿ ಯಾರೂ ಇರಲಿಲ್ಲ. ಎಲ್ಲಿಗೆ ಒಯ್ದರೆಂದು ಕೇಳುವ ಧೈರ್ಯ ನನಗೂ ಬರಲಿಲ್ಲ.

ಅಂದಿನಿಂದ ಹುಸೇನಪ್ಪ ಹಂಪಿ ನೋಡಲು ಬಂದವರು ಫೋನು ಎತ್ತಿದರೆ ಗೋಡೆ ಮರೆಗೆ ಸರಿಯುತ್ತಾನೆ. ಸರ್ಕಲ್ಲಿನ ಕ್ಯಾಮೆರಾ ಕೆಳಗೆ ಮುಖಕ್ಕೆ ಟವೆಲು ಸುತ್ತಿಕೊಳ್ಳುತ್ತಾನೆ. ಹೊಳೆಯುವ ಟೈಲ್ಸಿನಲ್ಲಿ ತನ್ನ ಮುಖ ಕಂಡರೂ ಬೆಚ್ಚುತ್ತಾನೆ. ಯಂತ್ರದೊಳಗಿನ ಆ ಹೊಂದಿಕೆಯನ್ನು ಅಳಿಸಿದ್ದಾರೋ ಇಲ್ಲವೋ ಯಾರೂ ಹೇಳಿಲ್ಲ.

ಮೊನ್ನೆ ಅವನ ಮಗಳು ಪಂಪಾವತಿಗೆ ಗಂಡು ಹುಟ್ಟಿತು. ಅವಳೂ ಪೀರಲ ದೇವರಿಗೆ ಹರಕೆ ಹೊತ್ತಿದ್ದಳು. ಹರಕೆ ತಪ್ಪಿದರೆ ದೇವರ ಭಯ, ತೀರಿಸಿದರೆ ಫೋನಿನ ಭಯ. ತಿಪ್ಪಕ್ಕನಂತೂ "ಬ್ಯಾರೆ ಹೆಸರು ಇಡ್ರಿ" ಎಂದು ಅಳುತ್ತಿದ್ದಳಂತೆ. ತೊಟ್ಟಿಲ ಕಾರ್ಯ ಮುಗಿದ ಮೇಲೆ ಸಿಕ್ಕ ಮೇಸ್ತ್ರಿಯನ್ನು ಕೇಳಿದೆ: "ಕೊನೆಗೂ ಏನ್ ಹೆಸರಿಟ್ಟಿಯೋ?"

"ಹುಸೇನಪ್ಪ ಅಂತಾನ ಇಟ್ಟೀವ್ರಿ. ಪುಣ್ಯಕ್ಕ, ಮಾರಿ ನಂದಲ್ರಿ, ಅವರಪ್ಪಂದು ಬಂದೈತಿ."