ನೆಲಕ್ಕೂರಿದ ಬಕೆಟ್

ಸೈಟಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಚಂಡಿ ಅಂತ. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ ಓಗೊಡುತ್ತಿದ್ದಳು. ಜೆಸಿಬಿ ಓಡಿಸುವ ಹೆಂಗಸಿಗೆ ಮಲ್ಲಿಗೆ ಅಂತ ಹೆಸರಿಡುತ್ತಾರೆಯೇ? ಓಡಿಸಲು ಕಲಿಸಿದವನು ಅಕ್ಕನ ಗಂಡ, ಕಂಟ್ರಾಕ್ಟರು. ತನ್ನ ಗಂಡ ತೀರಿಕೊಂಡು ಅವಳು ಅಕ್ಕನ ಮನೆಯ ಹಿಂದಿನ ಕೋಣೆ ಸೇರಿದಾಗ, "ಮೂಲೇಲಿ ಕೂತು ಅತ್ರೆ ಹೊಟ್ಟೆ ತುಂಬಲ್ಲ, ಬಾ ಹತ್ತು" ಅಂತ ಸೀಟಿನಲ್ಲಿ ಕೂರಿಸಿದ್ದ. ಆ ಉಪಕಾರವನ್ನು ಮರೆತವಳಲ್ಲ ಅವಳು. ಹಾಗಂತ ಹೇಳಿದ್ದಕ್ಕೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸುವವಳೂ ಅಲ್ಲ.

ಅವತ್ತು ಅಂಗಡಿ ಸಾಲಿನ ಹಿಂದೆ ಹೊಸ ಕಟ್ಟಡಕ್ಕೆ ಪಾಯ ತೋಡುತ್ತಿದ್ದಳು. ಮಶೀನಿನ ಮಣ್ಣು ಬಗೆಯುವ ಬಕೆಟ್ಟಿನ ಹಲ್ಲಿಗೆ ಏನೋ ತಗುಲಿ ಪಟ್ ಅಂತು. ಇಳಿದು ನೋಡಿದರೆ ಮಣ್ಣಿನ ಗಡಿಗೆ, ಒಂದು ಮಗ್ಗುಲು ಒಡೆದಿದೆ. ಒಳಗೆ ಬೆರಳಿಗಿಂತ ಸಣ್ಣ ಪಕ್ಕೆಲುಬುಗಳು, ಹಿಡಿಯಷ್ಟು ಮಣಿ. ಪಕ್ಕದಲ್ಲೇ ಇನ್ನೊಂದು ಗಡಿಗೆ, ಅದರಾಚೆ ಮತ್ತೊಂದು, ಎಲ್ಲದರ ಬಾಯಿಗೂ ಮುಚ್ಚಳ. ಯಾವ ಕಾಲದವೋ ಏನೋ, ಯಾರೋ ತಮ್ಮ ಕೂಸುಗಳನ್ನು ಜೋಪಾನವಾಗಿ ಮಲಗಿಸಿ ಹೋಗಿದ್ದರು. ಚಂಡಿ ಜೇಬಿನಿಂದ ಫೋನು ತೆಗೆದಳು.

ಭಾವ ಬಂದು ಬಗ್ಗಿ ನೋಡಿದ. ಮುಖ ಹುಳ್ಳಗಾಯಿತು.

"ಮುಚ್ಚು. ಕಾಂಕ್ರೀಟ್ ಲಾರಿ ಹೊರಟಾಗಿದೆ. ಪುರಾತತ್ವ ಇಲಾಖೆಯವರ ಕಿವಿಗೆ ಬಿದ್ರೆ ವರ್ಷಗಟ್ಟಲೆ ಬೇಲಿ ಹಾಕ್ಕೊಂಡು ಕೂರ್ತಾರೆ. ನಮ್ಮ ಬಾಯಿಗೆ ಮಣ್ಣು."

"ಬಿದ್ದಾಯ್ತು ಭಾವ. ಫೋನ್ ಮಾಡಿದೆ, ಬರ್ತಿದ್ದಾರೆ."

"ನನ್ನನ್ನ ಕೇಳದೆ?"

"ಕೇಳಿದ್ರೆ ಬೇಡ ಅಂತಿದ್ರಿ."

ಭಾವನಿಗೆ ಮೈಯೆಲ್ಲ ಉರಿಯಿತು. "ಹಾಗಾದ್ರೆ ಅವರು ಬರೋದ್ರೊಳಗೆ ಮುಚ್ಚು. ಆಗಲ್ಲ ಅಂದ್ರೆ ಕೀ ಕೊಟ್ಟು ನಡಿ."

ಚಂಡಿ ಹತ್ತಿದಳು. ಮುಚ್ಚಲಿಕ್ಕೇ ಹತ್ತಿದಳು ಅಂತ ಅವನಂದುಕೊಂಡ. ಅವಳು ಮಶೀನನ್ನು ಲಾರಿ ಬರುವ ದಾರಿಗೆ ಅಡ್ಡ ತಂದು, ಬಕೆಟ್ಟಿನ ಹಲ್ಲನ್ನು ನೆಲಕ್ಕೂರಿ, ಕೀ ಜೇಬಿಗೆ ಹಾಕಿಕೊಂಡು ಇಳಿದಳು.

ಆಪರೇಟರುಗಳಲ್ಲಿ ಒಂದು ಕಟ್ಟುಪಾಡಿದೆ. ಬಕೆಟ್ ಊರಿ ಕೀ ತೆಗೆದರೆ ಗುಂಡಿಯಲ್ಲಿ ಜನ ಇದ್ದಾರೆ ಅಂತ ಲೆಕ್ಕ. ಊರಿದವರೇ ಎತ್ತಬೇಕು, ಇನ್ನೊಬ್ಬರು ಮುಟ್ಟುವಂತಿಲ್ಲ. ಭಾವನ ಹತ್ತಿರ ಇನ್ನೊಂದು ಕೀ ಇತ್ತು. ಪಕ್ಕದ ಸೈಟಿನಿಂದ ಮೀಸೆ ನರೆತ ಆಪರೇಟರೊಬ್ಬನನ್ನು ಕರೆಸಿದ. ಮೆಟ್ಟಿಲಿಗೆ ಕಾಲಿಟ್ಟವನು ಬಕೆಟ್ ನೋಡಿ ನಿಂತ.

"ಕೆಳಗೆ ಯಾರಿದ್ದಾರೆ?"

"ಮಕ್ಕಳಿದ್ದಾರೆ," ಅಂದಳು ಚಂಡಿ.

ಅವನು ಹೋಗಿ ಇಣುಕಿದ. ಸ್ವಲ್ಪ ಹೊತ್ತು ಅಲ್ಲೇ ಇದ್ದು ಬಂದ. "ನನ್ನಿಂದಾಗಲ್ಲ ಸಾಹುಕಾರ್ರೇ. ಬಕೆಟ್ ಊರಿದೆ."

"ಅವು ಎಂದೋ ಸತ್ತಿದ್ದು ಕಣಯ್ಯಾ."

"ಇರಬಹುದು. ಕೆಳಗೇ ಇದ್ದಾವಲ್ಲ," ಅಂದು ಅವನು ಬಂದ ದಾರಿ ಹಿಡಿದ.

ಲಾರಿ ಬಂತು. ಡ್ರಮ್ಮು ತಿರುಗಿಸುತ್ತ, ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಗಿ, ಕಾಂಕ್ರೀಟು ಗಟ್ಟಿಯಾದರೆ ಯಾರು ಜವಾಬ್ದಾರಿ ಅಂತ ಬೈದುಕೊಂಡು ವಾಪಸ್ಸು ಹೋಯಿತು. ಅದರ ಧೂಳು ಇಳಿಯುವಷ್ಟರಲ್ಲಿ ಇಲಾಖೆಯ ಜೀಪು ಬಂತು. ಅವರು ಗುಂಡಿಯ ಸುತ್ತ ಹಗ್ಗ ಕಟ್ಟಿದ ಮೇಲೆ ಚಂಡಿ ತಾನೇ ಬಕೆಟ್ ಎತ್ತಿ, ಮಶೀನನ್ನು ಪಕ್ಕಕ್ಕೆ ನಿಲ್ಲಿಸಿ, ಕೀ ತಂದು ಭಾವನ ಅಂಗೈಯಲ್ಲಿಟ್ಟಳು.

"ಇನ್ನು ನನ್ನ ಮನೆ ಕಡೆ ತಲೆ ಹಾಕಬೇಡ," ಅಂದ ಅವನು.

"ಆಯ್ತು. ಬಕೆಟ್ ಊರೋದನ್ನ ಕಲಿಸಿದ್ದು ನೀವೇ ಭಾವ, ಅದನ್ನ ಮಾತ್ರ ಮರೀಬೇಡಿ."

ಅಕ್ಕ ಅಳುತ್ತಲೇ ಅವಳ ಬಟ್ಟೆ ಮಡಿಸಿ ಕೊಟ್ಟಳು. ಇರು ಅನ್ನುವ ಧೈರ್ಯ ಅವಳಿಗಾಗಲಿಲ್ಲ. ಚಂಡಿಗೆ ಅದು ನೋಯಿತು, ಚೆನ್ನಾಗಿಯೇ ನೋಯಿತು.

ಆಮೇಲೆ ಕೆಲಸ ಕೇಳಿಕೊಂಡು ಸೈಟುಗಳನ್ನು ಸುತ್ತಿದಳು. ಸುಮ್ಮನೆ ಕೇಳಿದ್ದರೆ ಸಿಗುತ್ತಿತ್ತು, ಅವಳ ಕೈಕೆಲಸ ಗೊತ್ತಿದ್ದವರೇ ಎಲ್ಲ. ಆದರೆ ಇವಳೋ, ಬಾಗಿಲಲ್ಲೇ ನಿಂತು ಷರತ್ತು ಹೇಳುವವಳು: "ಮಣ್ಣಲ್ಲಿ ಏನಾದ್ರೂ ಸಿಕ್ಕಿದ್ರೆ ಮಶೀನು ನಿಲ್ಲಿಸ್ತೀನಿ, ಫೋನೂ ಮಾಡ್ತೀನಿ. ಬೇಡ ಅಂದ್ರೆ ಈಗಲೇ ಹೇಳಿ." ಬೇಡ ಅಂದವರೇ ಹೆಚ್ಚು. ಒಬ್ಬ ಕಂಟ್ರಾಕ್ಟರಂತೂ ಕುರ್ಚಿಯಲ್ಲಿ ಹಿಂದಕ್ಕೊರಗಿ, ಹೊಟ್ಟೆ ಹಿಡಿದುಕೊಂಡು ನಕ್ಕ.

ಚಂಡಿ ಅವನೆದುರಿನ ಸ್ಟೂಲು ಎಳೆದುಕೊಂಡು ಕೂತಳು. "ನಕ್ಕು ಮುಗಿಸಿ," ಅಂದಳು. "ಕಾಯ್ತೀನಿ."