ಮದರ್‌ಬೋರ್ಡಿಗೊಂದು ಚಿಟಿಕೆ ಭಂಡಾರ

ಸವದತ್ತಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಿದ್ದೆ. ಎರಡು ಸಾವಿರದ ಇಸವಿಯ ಸುಮಾರಿಗೆ ಹಟ ಹಿಡಿದು ಒಂದು ಕಂಪ್ಯೂಟರ್ ತರಿಸಿದೆ. ವರ್ಷ ತುಂಬುವುದರೊಳಗೆ ಅದು ಕಣ್ಣು ಮುಚ್ಚಿತು. ನೋಡಿದವರು ಮದರ್‌ಬೋರ್ಡ್ ಸುಟ್ಟಿದೆ ಎಂದರು. ಹುಬ್ಬಳ್ಳಿಯಿಂದ ಹೊಸದು ತರಿಸುವಾಗ ನನ್ನ ಗಂಡ ಕಡ್ಡಿ ಮುರಿದಂತೆ ಹೇಳಿದರು: "ಇದೂ ಸುಟ್ಟರ ಮಷಿನ್ ಮಾರಿಬಿಡೂದ. ಮತ್ತ ಕೇಳಬ್ಯಾಡ."

ಮಾರಿದರೆ ನನ್ನ ಕ್ಲಾಸೂ ಮುಗಿದಂತೆ. ಬರೀ ಟೈಪಿಂಗ್ ಕಲಿಯಲು ಆಗಲೇ ಯಾರೂ ಬರುತ್ತಿರಲಿಲ್ಲ.

ಬೋರ್ಡ್ ಕೂಡಿಸಲು ಬಂದವರು ಪೇಟೆಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುವ ಹಿರಿಯರು. ಊರಿಗೆಲ್ಲ ಅವರು ಚಾಚಾ. ಸುಟ್ಟ ಕಲೆಗಳ ಆ ದಪ್ಪ ಬೆರಳು ನೋಡಿ, ಇವರ ಕೈಲಿ ಈ ನಾಜೂಕಿನ ಕೆಲಸ ಆದೀತೇ ಎಂದು ನನಗೆ ಅನುಮಾನ. ಚಾಚಾ ವಯರ್ ಕಿತ್ತು, ಮುಚ್ಚಳ ತೆಗೆದು, ಹಳೆಯ ಬೋರ್ಡ್ ಹೊರಗಿಟ್ಟರು. ಅದರ ಪುಟ್ಟ ಫ್ಯಾನು ತಿರುಗದಂತೆ ಹಳದಿ ಪುಡಿ ಮೆತ್ತಿಕೊಂಡಿತ್ತು.

ನನಗೆ ಕೂಡಲೇ ಗುರುತು ಸಿಕ್ಕಿತು: ಎಲ್ಲಮ್ಮನ ಗುಡಿಯ ಅರಿಷಿಣ, ಭಂಡಾರ. ನಮ್ಮ ಅತ್ತೆ, ಮನೆಗೆ ಬಂದ ತಕ್ಕಡಿ, ಹೊಲಿಗೆ ಮಷಿನ್, ಮೋಟಾರ್ ಸೈಕಲ್ ಯಾವುದಕ್ಕೂ ಎಲ್ಲಮ್ಮನ ಭಂಡಾರ ತಪ್ಪಿಸಿದವರಲ್ಲ. ಕಂಪ್ಯೂಟರಿಗಂತೂ ಪ್ರತಿ ಶುಕ್ರವಾರ ಒಂದು ಚಿಟಿಕೆ, ಒಳಗೂ ಮುಟ್ಟಲಿ ಎಂದು ಮೇಲಿನ ಗಾಳಿಕಿಂಡಿಯಿಂದ.

ಚಾಚಾ ಬ್ರಶ್ಶಿನಿಂದ ಕಂಪ್ಯೂಟರಿನ ಡಬ್ಬಿ ಸ್ವಚ್ಛ ಮಾಡುತ್ತ, ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನೊಮ್ಮೆ ನೋಡಿದರು. "ಧೂಳ ಕುಂತೈತ್ರಿ, ಅಷ್ಟ," ಎಂದರು.

ಆಮೇಲೆ ಅಂಗಳಕ್ಕೆ ಹೋಗಿ ಕಬ್ಬಿಣದ ನಳ ಹಿಡಿದು ನಿಂತರು.

"ನೀರ ಬೇಕೇನ್ರಿ?" ಎಂದೆ.

"ಬ್ಯಾಡ್ರಿ ಅಕ್ಕೋರ. ಮೈಯಾಗ ಒಂದೀಟ ಕರೆಂಟ್ ಕುಂತಿರತೈತಿ. ನಮಗ ತಿಳಿಯೂದಿಲ್ಲ, ಬೋರ್ಡ್ ತಡಿಯೂದಿಲ್ಲ. ನಳ ಹಿಡಿದ್ರ ಅದು ನೆಲಕ್ಕ ಇಳೀತೈತಿ. ನಿಮ್ದ ನೈಲಾನ್ ಸೀರಿ, ನೀವು ಆ ಕಡೆ ನಿಲ್ರಿ."

ನನ್ನ ಮನೆಯಲ್ಲಿ ನನ್ನನ್ನೇ ದೂರ ನಿಲ್ಲಿಸುತ್ತಾರಲ್ಲ ಎಂದು ಸಿಟ್ಟು ಬಂತು. ಆದರೆ ಬೂದು ಚೀಲದಿಂದ ಅಂಚುಗಳನ್ನಷ್ಟೇ ಹಿಡಿದು ಅವರು ಹೊಸ ಬೋರ್ಡನ್ನು ಎತ್ತಿದಾಗ ಆ ಸಿಟ್ಟು ಎಲ್ಲಿ ಹೋಯಿತೋ! ಹಸಿರು ಹಲಗೆಯ ತುಂಬ ಕೂದಲೆಳೆಯಂಥ ಗೆರೆಗಳು. ಸಾವಿರಾರು ಇದ್ದಾವು. ಒಂದಕ್ಕೊಂದು ತಾಗದೆ, ಬಾಗಿ, ತಿರುಗಿ, ಎಲ್ಲವೂ ಎಲ್ಲಿಗೋ ಹೋಗಿ ಮುಟ್ಟುತ್ತಿದ್ದವು. ಇದನ್ನು ಮನುಷ್ಯರೇ ಮಾಡಿದರೇ? ಮೈ ಜುಮ್ಮೆಂದಿತು. ಚಾಚಾ ಕೂಡ ಕೆಲಸ ಮರೆತು ನೋಡಿದರು. ಆಮೇಲೆ ತಗಡಿಗೆ ತಾಗದಂತೆ ಹಿತ್ತಾಳೆಯ ಗಿಡ್ಡ ಕಾಲುಗಳ ಮೇಲೆ ಅದನ್ನು ಕೂರಿಸಿ, ಉಸಿರು ಬಿಗಿಹಿಡಿದು ಒಂದೊಂದೇ ಸ್ಕ್ರೂ ತಿರುಗಿಸಿದರು. ಆ ದಪ್ಪ ಬೆರಳು ಒಮ್ಮೆಯೂ ನಡುಗಲಿಲ್ಲ. ಅನುಮಾನಪಟ್ಟದ್ದಕ್ಕೆ ನನಗೆ ನಾಚಿಕೆಯಾಯಿತು.

ಸ್ವಿಚ್ ಒತ್ತಿದರು. ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಬಂದವು. ನಾನು ಕೈ ಮುಗಿದೇಬಿಟ್ಟೆ.

ಅಷ್ಟರಲ್ಲಿ ಅತ್ತೆ ಭಂಡಾರದ ಬಟ್ಟಲು ಹಿಡಿದು ಬಂದರು. ಮುಚ್ಚಳ ಇನ್ನೂ ಹಾಕಿರಲಿಲ್ಲ. ಎಲ್ಲಮ್ಮನ ಭಂಡಾರ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ಚಾಚಾಗೂ ಬರಲಿಲ್ಲ. ಚಿಟಿಕೆ ಎತ್ತಿದ ಅತ್ತೆಯ ಕೈ ಬೋರ್ಡಿನ ಮೇಲೆ ಬಂದು ನಿಂತಿತು. ಪಕ್ಕದಲ್ಲಿ ಹಳದಿಯಾಗಿ ಬಿದ್ದಿದ್ದ ಬ್ರಶ್ಶನ್ನು ಅತ್ತೆ ನೋಡಿದರು.

"ಧೂಳ ಅಂದ್ರಲ್ಲ ಸಾಹೇಬ್ರ, ನಾ ಹಾಕಿದ್ದು ನನಗ ಗುರ್ತ ಸಿಗೂದಿಲ್ಲೇನ್ರಿ?"

ಚಾಚಾ ಬ್ರಶ್ಶನ್ನು ಜೇಬಿಗೆ ಸೇರಿಸಿದರು. ಅತ್ತೆ ಕೈ ಹಿಂದೆ ತಂದು, ಬೋರ್ಡ್ ಬಂದಿದ್ದ ಖಾಲಿ ರಟ್ಟಿನ ಡಬ್ಬಿಗೆ ಭಂಡಾರ ಹಚ್ಚಿದರು. ಆಮೇಲೆ ಪ್ರತಿ ಶುಕ್ರವಾರ ಆ ಡಬ್ಬಿಗೇ. ಬೋರ್ಡ್ ಆರು ವರ್ಷ ನಡೆಯಿತು.