ಡಬ್ಬಿ ಒಯ್ಯಾಕಿ

ಅಂಕಲಿಯ ಭರಮು ಸಾರಿಗೆ ಸಂಸ್ಥೆಯ ಚಿಕ್ಕೋಡಿ ಡಿಪೋದಲ್ಲಿ ಮೆಕ್ಯಾನಿಕ್. ಮಗಳು ಸಪನಾಗೆ ನೌಕರಿಯ ಆರ್ಡರ್ ಬಂದ ದಿನ ಅವನು ಡಿಪೋದವರಿಗೆಲ್ಲ ಪೇಢೆ ಹಂಚಿದ. ಕೈಗೆ ಗ್ರೀಸು ಹತ್ತಿತ್ತು, ಆದರೂ ಯಾರೂ ಬೇಡ ಅನ್ನಲಿಲ್ಲ.

"ಡಾಕ್ಟರ ಮಂದಿ ಜೋಡಿ ಕೆಲಸ ಮಾಡ್ತಾಳ. ಹೊಟ್ಟೀ ಬ್ಯಾನಿ ಮ್ಯಾಲೆ ಸಂಶೋಧನಾ ಅಂತ" ಎಂದು ಕಂಡಕ್ಟರುಗಳಿಗೂ ಡ್ರೈವರುಗಳಿಗೂ ಹೇಳುತ್ತ ತಿರುಗಿದ.

ಸಪನಾ ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ ಮುಗಿಸಿದ್ದಳು. ಕಾಲೇಜಿನಲ್ಲಿ ಮೊದಲ ಸಲ ತನ್ನದೇ ರಕ್ತದ ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ಕಂಡಾಗ ಊಟದ ಗಂಟೆ ಹೊಡೆದದ್ದೂ ಅವಳಿಗೆ ಗೊತ್ತಾಗಿರಲಿಲ್ಲ. ತನ್ನ ಜೀವನ ಇನ್ನು ಈ ಕಣ್ಣುಗಾಜಿನ ಮುಂದೆಯೇ ಎಂದು ಅವತ್ತೇ ನಿಶ್ಚಯ ಮಾಡಿಕೊಂಡಿದ್ದಳು.

ಚಿಕ್ಕೋಡಿಯಲ್ಲಿ ಒಂದು ಬಾಡಿಗೆ ಮನೆಯೇ ಆಫೀಸು. ಕೆಳಗೆ ಕುರ್ಚಿ ಟೇಬಲ್ಲು, ಮಹಡಿಯ ಮೇಲೆ ಲ್ಯಾಬು. ಸಂಶೋಧನೆಯ ಮುಖ್ಯಸ್ಥರು ಬೆಂಗಳೂರಿನಿಂದ ಬಂದ ಡಾಕ್ಟರ್ ಕುಣಾಲ. ಮೊದಲ ದಿನ ಎಲ್ಲರನ್ನೂ ಕೂಡಿಸಿಕೊಂಡು ವಿವರಿಸಿದರು. ಈ ಭಾಗದಲ್ಲಿ ಹೊಟ್ಟೆ ತುಂಬ ಉಂಡರೂ ಬೆಳೆಯದ ಮಕ್ಕಳಿದ್ದಾರೆ. ಅವರ ಕರುಳು ಉಂಡದ್ದನ್ನು ಹೀರಿಕೊಳ್ಳುವುದಿಲ್ಲ. ಯಾಕೆ ಎಂದು ಕಂಡುಹಿಡಿಯಬೇಕು. ಅದಕ್ಕೆ ಮಕ್ಕಳ ಮಲ ಬೇಕು, ತಾಜಾ ಇರುವಾಗಲೇ ಬೇಕು, ಐಸಿನ ಡಬ್ಬಿಯಲ್ಲಿ ಲ್ಯಾಬಿಗೆ ಮುಟ್ಟಬೇಕು. ತೀರ ಅನುಮಾನ ಬಂದ ಮಕ್ಕಳಿಗೆ ಬೆಳಗಾವಿಯಲ್ಲಿ ಎಂಡೋಸ್ಕೋಪಿ ಮಾಡಿ ಕರುಳಿನ ಒಳಪದರದ ಚೂರು ತೆಗೆದು ನೋಡುತ್ತಾರೆ.

ಸಪನಾ ಕಣ್ಣರಳಿಸಿ ಕೇಳಿದಳು. ಆಮೇಲೆ ಕೆಲಸ ಹಂಚಿದರು. ಲ್ಯಾಬಿಗೆ ಶೇಡಬಾಳದ ಶ್ರೇಣಿಕ. ಅವಳದೇ ಕ್ಲಾಸಿನವನು, ಪರೀಕ್ಷೆಯ ಹಿಂದಿನ ವಾರ ಅವಳ ನೋಟ್ಸು ಝೆರಾಕ್ಸ್ ಮಾಡಿಸಿಕೊಂಡು ಪಾಸಾದವನು. ಊರೂರು ತಿರುಗಿ ಮಲ ಸಂಗ್ರಹಿಸಿ ತರುವುದಕ್ಕೆ ಸಪನಾ, ಜೊತೆಗೆ ಇನ್ನು ಕೆಲವರು.

"ಸರ್, ನಂದೂ ಲ್ಯಾಬ್ ಕೋರ್ಸ್ ಆಗೇತ್ರಿ" ಎಂದಳು.

"ಗೊತ್ತು ಸಪನಾ. ಮೊದಲು ಸ್ವಲ್ಪ ದಿನ ಫೀಲ್ಡ್ ನೋಡಿ. ಆಮೇಲೆ ಅದಲು ಬದಲು ಮಾಡೋಣ."

ಅವಳು ನಂಬಿದಳು. ನಂಬದೆ ಏನು ಮಾಡುವುದು.

ಬೆಳಗಾಗುವ ಮೊದಲೇ ಸ್ಕೂಟಿ ತೆಗೆದು ಹೊರಡಬೇಕಿತ್ತು. ಹೆಗಲಿಗೆ ನೀಲಿ ಐಸ್ ಡಬ್ಬಿ. ಮನೆಮನೆಗೆ ಮುಚ್ಚಳದ ಸಣ್ಣ ಭರಣಿ ಕೊಡುವುದು, ತಾಯಂದಿರಿಗೆ ತಿಳಿಸಿ ಹೇಳುವುದು, ಮರುದಿನ ಹೋಗಿ ತರುವುದು. ಕೆಲವರು ನಗುತ್ತಿದ್ದರು, ಕೆಲವರು ಬೈಯುತ್ತಿದ್ದರು. ಮಕ್ಕಳ ಮಲ ಒಯ್ದು ಮಾಟ ಮಾಡಿಸುತ್ತಾರೆ ಎಂದು ಒಂದೂರಿನಲ್ಲಿ ಗುಲ್ಲೆದ್ದು ಅವಳನ್ನು ಓಣಿಯ ಬಾಯಿಂದಲೇ ಹಿಂದಕ್ಕೆ ಕಳಿಸಿದರು. ಅವಳು ಮತ್ತೆ ಹೋದಳು. ಕಟ್ಟೆಯ ಮೇಲೆ ಕೂತು ಕರುಳಿನ ಚಿತ್ರ ಬಿಡಿಸಿ ತೋರಿಸಿದಳು. ಕೊನೆಗೆ ಆ ಊರವರೂ ಕೊಟ್ಟರು. ಆದರೆ ಯಾರಿಗೂ ಅವಳ ಹೆಸರು ಬೇಕಾಗಲಿಲ್ಲ. ದೂರದಿಂದ ಸ್ಕೂಟಿ ಕಂಡರೆ "ಡಬ್ಬಿ ಒಯ್ಯಾಕಿ ಬಂದ್ಲು" ಎನ್ನುತ್ತಿದ್ದರು. ಮಕ್ಕಳು ಮೂಗು ಹಿಡಿದುಕೊಂಡು ಅದನ್ನೇ ಕೂಗುತ್ತಿದ್ದರು.

ತನ್ನ ಕೆಲಸ ಇಂಥದ್ದು ಎಂದು ಮನೆಯಲ್ಲಿ ಅವಳು ಬಾಯಿ ಬಿಟ್ಟಿರಲಿಲ್ಲ, ಕ್ಲಾಸಿನ ಶ್ರೇಣಿಕನೂ ಅಲ್ಲೇ ಲ್ಯಾಬಿನಲ್ಲಿದ್ದಾನೆ ಎಂದಷ್ಟೇ ಹೇಳಿದ್ದಳು. ಒಂದು ಮುಂಜಾನೆ ಅಂಕಲಿಯದೇ ನಾಲ್ಕು ಮನೆ ಮುಗಿಸಿ ಚಹಾ ಕುಡಿಯಲು ಮನೆಗೆ ಬಂದಾಗ ತಾಯಿ ತುಳಸವ್ವ ಡಬ್ಬಿಯ ಮುಚ್ಚಳ ತೆಗೆದಳು. ಪೋಲಿಯೋ ಲಸಿಕೆಯೇನೋ ಅಂದುಕೊಂಡಿದ್ದಳು.

"ಏನಬೇ ಇದು?"

"ಸ್ಯಾಂಪಲ್, ಯವ್ವಾ."

"ಎದರ ಸ್ಯಾಂಪಲ್ಲು?"

ಸಪನಾ ಮುಚ್ಚಳಕ್ಕೆ ಕೈ ಚಾಚಿದಳು. ತುಳಸವ್ವ ಒಂದು ಭರಣಿಯನ್ನು ಬೆಳಕಿಗೆ ಹಿಡಿದು ನೋಡಿ ಥಟ್ಟನೆ ಒಳಗಿಟ್ಟಳು.

"ಹೇಲು! ನಿಮ್ಮಜ್ಜ ಸತ್ತ ದನಾ ಎಳಿಯಾಂಗಿಲ್ಲ ಅಂದಿದ್ದಕ್ಕ ಊರಾಗ ಅಂವಗ ಹಿಟ್ಟ ಬೀಸಿ ಕೊಡಲಿಲ್ಲ, ಕೂಲಿಗಿ ಕರೀಲಿಲ್ಲ. ಉಪಾಸ ಬಿದ್ದಾ, ಹೊಡತಾ ತಿಂದಾ, ಮತ್ತ ಆ ಕೆಲಸಕ್ಕ ಕೈ ಹಚ್ಚಲಿಲ್ಲ. ನೀ ಇಷ್ಟ ಸಾಲಿ ಕಲ್ತು ಮಂದಿ ಮಕ್ಕಳ ಹೇಲ ಹೊರಾಕತ್ತಿ?"

"ಯವ್ವಾ, ಇದು ಸಾಯನ್ಸ್. ಇದರಿಂದ ರೋಗ ತಿಳೀತೈತಿ."

"ಸಾಯನ್ಸ್ ಇದ್ರ ಆ ಶೇಡಬಾಳದ ಹುಡುಗ ಯಾಕ ಹೊರಾಂಗಿಲ್ಲ?"

ಗೋಡೆಯ ಮೇಲೆ ಬುದ್ಧನ ಫೋಟೋ, ಪಕ್ಕದಲ್ಲಿ ಬಾಬಾಸಾಹೇಬರದು. ಸಪನಾ ಅತ್ತ ನೋಡಲಿಲ್ಲ. ಚಹಾ ಬಿಟ್ಟು ಡಬ್ಬಿ ಹೆಗಲಿಗೇರಿಸಿಕೊಂಡು ಹೊರಟಳು. ಅಂದಿನಿಂದ ತುಳಸವ್ವ ಮಗಳ ಕೆಲಸದ ಬಗ್ಗೆ ಕೇಳುವುದನ್ನೇ ಬಿಟ್ಟಳು. ಸಪನಾ ಬಂದ ಕೂಡಲೇ ಬಚ್ಚಲಲ್ಲಿ ಬಿಸಿನೀರು ಸಿದ್ಧವಿರುತ್ತಿತ್ತು, ಮಾತು ಮಾತ್ರ ಇರುತ್ತಿರಲಿಲ್ಲ.

ಚಿಂಚಲಿಯ ಕಡೆ ಒಂದು ದೊಡ್ಡ ತೋಟದ ಮನೆ. ಕಬ್ಬು, ದ್ರಾಕ್ಷಿ, ಎರಡು ಟ್ರ್ಯಾಕ್ಟರು. ಮನೆಯ ಹಿರಿಯಳು ಅಕ್ಕವ್ವ, ಸೊಸೆ ನಿಪ್ಪಾಣಿಯಿಂದ ಬಂದ ಪ್ರಾಜಕ್ತಾ, ಮೊಮ್ಮಗ ಶಿವರಾಜ. ನಾಲ್ಕು ವರ್ಷದ ಹುಡುಗ ಎರಡು ವರ್ಷದವನಂತೆ ಕಾಣುತ್ತಿದ್ದ. ಕಡ್ಡಿಯಂಥ ಕೈಕಾಲು, ಉಬ್ಬಿದ ಹೊಟ್ಟೆ. ಮಾಯಕ್ಕ ದೇವಿಗೆ ಹರಕೆ ಹೊತ್ತಾಗಿತ್ತು, ಮೂರು ಊರಿನ ಡಾಕ್ಟರಿಗೆ ತೋರಿಸಿಯೂ ಆಗಿತ್ತು.

ಆ ಮನೆಯಲ್ಲಿ ಭರಣಿಯನ್ನು ಅವಳ ಕೈಗೆ ಕೊಡುತ್ತಿರಲಿಲ್ಲ. ದನದ ಕೊಟ್ಟಿಗೆಯ ಹತ್ತಿರದ ಕಲ್ಲಿನ ಮೇಲೆ ಇಟ್ಟಿರುತ್ತಿದ್ದರು. ಒಂದು ದಿನ ಮಾತ್ರ ಪ್ರಾಜಕ್ತಾ ಕಾಗದದಲ್ಲಿ ಸುತ್ತಿ ಕೈಗೇ ಕೊಟ್ಟಳು. ಪಡಸಾಲೆಯಿಂದ ಅಕ್ಕವ್ವ ನೋಡಿದಳು. ಮರುವಾರ ಭರಣಿ ಮತ್ತೆ ಕಲ್ಲಿನ ಮೇಲೆ ಕೂತಿತ್ತು.

ಹುಡುಗನ ವರದಿ ಅನುಮಾನ ಹುಟ್ಟಿಸಿತು. ಬೆಳಗಾವಿಗೆ ಕರೆದೊಯ್ಯಬೇಕು ಎಂದು ಡಾಕ್ಟರ್ ಕುಣಾಲ ಹೇಳಿದರು. ಮನೆಯವರನ್ನು ಒಪ್ಪಿಸುವ ಕೆಲಸವೂ ಸಪನಾಳದೇ. ಅಕ್ಕವ್ವ ಕೇಳಲೇ ಇಲ್ಲ. "ನನ್ನ ಮೊಮ್ಮಗನ ಕರಳ ಕೊಯ್ತಾರೇನ?" ಎಂದು ಎದ್ದು ಒಳಗೆ ಹೋದಳು. ಸಪನಾ ಮತ್ತೆ ಮತ್ತೆ ಹೋಗಿ ಅಂಗಳದಲ್ಲಿ ನಿಂತು ಹೇಳಿದಳು.

"ಕೊಯ್ಯಾಂಗಿಲ್ರಿ ಆಯಿ. ಬಾಯಾಗಿಂದ ಸಣ್ಣ ನಳಗಿ ಬಿಡ್ತಾರ. ಅಕ್ಕಿಕಾಳಕಿಂತ ಸಣ್ಣ ಚೂರು ತಗೀತಾರ. ನಾನೂ ಜೋಡಿ ಬರ್ತೇನ್ರಿ."

ಕೊನೆಗೆ ಒಪ್ಪಿದರು. ಬೆಳಗಾವಿಯ ಆಸ್ಪತ್ರೆಯಲ್ಲಿ ಹುಡುಗನಿಗೆ ಮತ್ತಿನ ಔಷಧ ಕೊಟ್ಟು ಒಳಗೆ ಒಯ್ದರು. ಪ್ರಾಜಕ್ತಾ ಬಾಗಿಲ ಹೊರಗೆ ಬೆಂಚಿನ ಮೇಲೆ ಸಪನಾಳ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಳು. ಹುಡುಗ ಹೊರಗೆ ಬರುವ ತನಕ ಬಿಡಲಿಲ್ಲ. ಹಿಂದಕ್ಕೆ ಬರುವಾಗ ಕಾರಿನಲ್ಲಿ ಶಿವರಾಜ ಸಪನಾಳ ತೊಡೆಯ ಮೇಲೆಯೇ ಮಲಗಿದ್ದ.

ರೋಗ ಸಿಕ್ಕಿತು. ಹುಡುಗನ ಕರುಳಿಗೆ ಗೋಧಿ ಆಗುತ್ತಿರಲಿಲ್ಲ. ಗೋಧಿಯ ಅಂಶ ತಾಗಿ ತಾಗಿ ಒಳಪದರ ಸವೆದು ಹೋಗಿತ್ತು. ಶ್ರೀಮಂತರ ಮನೆ, ದಿನಾ ಚಪಾತಿ, ಬಿಸ್ಕಿಟು, ಶೀರಾ. ಅವೆಲ್ಲ ಬಂದ್ ಮಾಡಿ ಜೋಳದ ರೊಟ್ಟಿ, ಅನ್ನ ಕೊಡಿ ಎಂದರು. ಸಪನಾ ವಾರಕ್ಕೊಮ್ಮೆ ಹೋಗಿ ಯಾವ ತಿಂಡಿಯಲ್ಲಿ ಗೋಧಿ ಇರುತ್ತದೆ ಎಂದು ಪ್ರಾಜಕ್ತಾಳಿಗೆ ಹೇಳಿಕೊಟ್ಟಳು. ಕೆಲವೇ ತಿಂಗಳಲ್ಲಿ ಹುಡುಗನ ಹೊಟ್ಟೆ ಇಳಿಯಿತು, ಕೆನ್ನೆ ತುಂಬಿತು. ಅಂಗಳದಲ್ಲಿ ಕರುವಿನ ಬೆನ್ನು ಹತ್ತಿ ಓಡತೊಡಗಿದ.

ಅಕ್ಕವ್ವನ ಸಂತೋಷಕ್ಕೆ ಪಾರವೇ ಇರಲಿಲ್ಲ. ಡಾಕ್ಟರನ್ನೂ ಅವರ ಕಡೆಯವರನ್ನೂ ಊಟಕ್ಕೆ ಕರೆದಳು. ಆ ದಿನ ಸಪನಾ ಹಸಿರು ಇಳಕಲ್ ಸೀರೆ ಉಟ್ಟಳು. ಡಬ್ಬಿ, ಕೈಗವಸು ಎಲ್ಲ ಆಫೀಸಿನಲ್ಲೇ ಬಿಟ್ಟು ಜೀಪಿನಲ್ಲಿ ಹೋದಳು. ಪಡಸಾಲೆಯಲ್ಲಿ ಸಾಲಾಗಿ ಮಣೆ ಹಾಕಿದ್ದರು. ಡಾಕ್ಟರ್ ಕುಣಾಲ ಕೂತರು, ಪಕ್ಕದಲ್ಲಿ ಶ್ರೇಣಿಕ. ಸಪನಾ ಚಪ್ಪಲಿ ಬಿಟ್ಟು ಹೊಸ್ತಿಲ ಹತ್ತಿರ ಬಂದಾಗ ಅಕ್ಕವ್ವ ಅಡ್ಡ ಬಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ನೀ ಅಲ್ಲೇ ಕಟ್ಟಿ ಮ್ಯಾಲೆ ಕುಂಡ್ರವಾ. ನಿನಗ ಅಲ್ಲೇ ಬಡಸ್ತೇವು. ನಿಂದು ಡಬ್ಬಿ ಕೆಲಸ ನೋಡು."

"ಇವತ್ತ ಡಬ್ಬಿ ತಂದಿಲ್ರಿ ಆಯಿ."

"ತರಲಿಲ್ಲಂದ್ರೂ ಕೈ ಅದೇ ಅಲ್ಲೇನ?"

ಒಳಗೆ ಶ್ರೇಣಿಕನ ಎಲೆಗೆ ಹೋಳಿಗೆ ಬಿತ್ತು. ಅವಳು ತಂದ ಪ್ರತಿ ಭರಣಿಯ ಮುಚ್ಚಳ ತೆಗೆದು ಕಡ್ಡಿಯಿಂದ ಗಾಜಿನ ಮೇಲೆ ಸವರುತ್ತಿದ್ದವನು ಅವನೇ. ಅದು ಆ ಮನೆಯ ಯಾರಿಗೂ ನೆನಪಾಗಲಿಲ್ಲ, ಅವನೂ ನೆನಪು ಮಾಡಿಕೊಡಲಿಲ್ಲ. ತಲೆ ತಗ್ಗಿಸಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡ. ಪ್ರಾಜಕ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸಪನಾ ಅವಳ ಕಡೆ ನೋಡಿದಳು. ಪ್ರಾಜಕ್ತಾ ಸೆರಗು ಸರಿಮಾಡಿಕೊಂಡು ಒಳಗೆ ಸರಿದಳು.

ಸಪನಾ ಕಟ್ಟೆಯ ಮೇಲೆ ಕೂರಲಿಲ್ಲ. ಹೋಗಿ ಜೀಪಿನಲ್ಲಿ ಕೂತಳು. ಒಳಗಿನ ಊಟ ಮುಗಿಯಲು ಬಹಳ ಹೊತ್ತು ಹಿಡಿಯಿತು.

ತಿರುಗಿ ಬರುವಾಗ ಅವಳು ಬಹಳ ದಿನದಿಂದ ಗಂಟಲಲ್ಲಿದ್ದ ಮಾತು ಕೇಳಿದಳು. "ಸರ್, ಲ್ಯಾಬಿಗೆ ಹಾಕ್ತೇನಿ ಅಂದಿದ್ರಿ. ವರ್ಷ ದಾಟಿತು."

"ನಿಮ್ಮಷ್ಟು ಚೆನ್ನಾಗಿ ಸ್ಯಾಂಪಲ್ ಯಾರೂ ತರಲ್ಲ, ಸಪನಾ. ಉಳಿದವರೆಲ್ಲ ಬಿಟ್ಟು ಹೋದರು. ನೀವು ತಪ್ಪು ತಿಳ್ಕೋಬೇಡಿ, ಆದರೆ ಇಂಥ ಕೆಲಸಕ್ಕೆ ಹಿಂಜರಿಕೆ ಇಲ್ಲದ ಮನೆತನದವರನ್ನ ತಗೊಳ್ಳಿ ಅಂತ ಇಲ್ಲಿನವರೇ ಸಲಹೆ ಕೊಟ್ಟಿದ್ದರು. ನನಗೆ ಜಾತಿ ಗೀತಿ ಏನೂ ಇಲ್ಲ. ಕೆಲಸ ಆಗಬೇಕು ಅಷ್ಟೇ. ನೋಡಿ, ಆಯ್ಕೆ ಸರಿಯಾಗೇ ಇತ್ತಲ್ಲ?"

ಹೊಗಳಿದ್ದೇನೆ ಎಂದೇ ಅವರು ನಂಬಿದಂತಿತ್ತು.

"ನಮ್ಮ ಮನೆತನದಾಗ ಮೆಕ್ಯಾನಿಕ್ ಅದಾರ್ರಿ ಸರ್" ಎಂದಳು ಸಪನಾ. "ನಮ್ಮಣ್ಣ ಸಾಲಿ ಮಾಸ್ತರ ಅದಾನ. ಹಿಂಜರಿಕೆ ಇಲ್ಲಂತ ಯಾರನ್ನ ಕೇಳಿ ತಿಳ್ಕೊಂಡ್ರಿ? ನನಗ ಕೇಳಿದ್ರೇನು?"

ಡಾಕ್ಟರು ಮೊಬೈಲ್ ತೆಗೆದು ನೋಡತೊಡಗಿದರು. ಹಿಂದಿನ ಸೀಟಿನಿಂದ ಶ್ರೇಣಿಕ ಮೆಲ್ಲಗೆ ಅಂದ, "ನಾ ಏನ ಮಾಡ್ಲಿ ಸಪನಾ? ಕೊಟ್ಟ ಕೆಲಸ ನಾ ಮಾಡ್ತೇನಿ."

"ಊಟ ಚೊಲೋ ಆತೇನು?" ಎಂದಳು ಅವಳು.

ಆ ತಿಂಗಳ ಕೊನೆಗೆ ಅವಳು ಕೆಲಸ ಬಿಟ್ಟಳು. ಭರಮುಗೆ ಸಂಕಟವಾಯಿತು. "ಇನ್ನೊಂದ ಸ್ವಲ್ಪ ತಡಕೊಬೇಕಿತ್ತವಾ. ಡಿಪೋದಾಗ ಎಲ್ಲಾರೂ ಕೇಳ್ತಾರ. ಏನಂತ ಹೇಳ್ಲಿ?" ಎಂದ. ತುಳಸವ್ವ ತಟ್ಟೆ ಮುಂದಿಟ್ಟು "ಊಟ ಮಾಡ" ಎಂದಳು. ಗೆದ್ದವಳ ಮುಖ ಆಗಿರಲಿಲ್ಲ ಅದು.

ಬೇರೆ ಲ್ಯಾಬುಗಳಿಗೆ ಅರ್ಜಿ ಹಾಕಿದಳು. ನಿಪ್ಪಾಣಿಯಲ್ಲಿ ಕೇಳಿದರು, ಅಥಣಿಯಲ್ಲಿ ಕೇಳಿದರು, ಇಷ್ಟು ದಿನ ಏನು ಮಾಡಿದಿರಿ ಎಂದು. ಮಾದರಿ ಸಂಗ್ರಹ ಎಂದರೆ, ಮೈಕ್ರೋಸ್ಕೋಪಿನ ಅನುಭವ ಇಲ್ಲವಲ್ಲ ಎಂದರು. ಕಲಿತದ್ದು ಕೈಯಿಂದ ಜಾರುತ್ತಿತ್ತು, ಅದು ಅವಳಿಗೂ ಗೊತ್ತಿತ್ತು. ಕೊನೆಗೆ ರಾಯಬಾಗದಲ್ಲಿ ಭಾವುಸಾಹೇಬ ಎಂಬವರ ಸಣ್ಣ ಲ್ಯಾಬಿನಲ್ಲಿ ಮುಂದಿನ ಟೇಬಲ್ಲಿನ ಕೆಲಸ ಸಿಕ್ಕಿತು. ಹೆಸರು ಬರೆದುಕೊಳ್ಳುವುದು, ರಕ್ತ ತೆಗೆಯುವುದು. ಒಳಗಿನ ಕೋಣೆಯಲ್ಲಿ ಮೈಕ್ರೋಸ್ಕೋಪಿದೆ. ಅಲ್ಲಿ ಕೂರುವುದು ಭಾವುಸಾಹೇಬರ ತಮ್ಮ.

ಸಂಶೋಧನೆಗೆ ಹೆಸರು ಬಂತು. ಶಿವರಾಜನಂಥ ಇನ್ನೂ ಹಲವು ಮಕ್ಕಳ ರೋಗ ಸಿಕ್ಕಿತು ಎಂದು ಸುದ್ದಿ. ಶ್ರೇಣಿಕ ಪುಣೆಯ ದೊಡ್ಡ ಲ್ಯಾಬಿಗೆ ಹೋದ. ಮಕ್ಕಳು ಗುಣವಾದದ್ದು ಸುಳ್ಳಲ್ಲ ಎಂದು ಸಪನಾ ಈಗಲೂ ಹೇಳುತ್ತಾಳೆ.

ಕಳೆದ ಚಳಿಗಾಲದಲ್ಲಿ ಎರಡನೇ ಹಂತ ಶುರುವಾಯಿತು. ಆಫೀಸಿನವರು ಸಪನಾಗೆ ಫೋನ್ ಮಾಡಿದರು. ಅವಳು ಬರುವುದಿಲ್ಲ ಎಂದಳು. ಹದಿನೈದು ದಿನದೊಳಗೆ ಅವಳದೇ ಓಣಿಯ ದೀಪಾಲಿಗೆ ಆರ್ಡರ್ ಬಂತು. ಬಿಎಸ್ಸಿ ಮುಗಿಸಿ ಮನೆಯಲ್ಲಿದ್ದ ಹುಡುಗಿ. ಸಂಜೆ ಸಪನಾಳ ಹತ್ತಿರ ಬಂದಳು.

ಸಪನಾ ಏನನ್ನೂ ಮುಚ್ಚಿಡಲಿಲ್ಲ. ಜೀಪಿನಲ್ಲಿ ಆದ ಮಾತನ್ನೂ ಹೇಳಿದಳು. "ಯಾಕ ನಿನ್ನ ತಗೊಂಡಾರ ಅನ್ನೂದ ತಿಳ್ಕೊಂಡ ಹೋಗು. ಲ್ಯಾಬಿಗೆ ಹಾಕ್ತೇವು ಅಂತಾರ. ಹಾಕಾಂಗಿಲ್ಲ."

"ಗೊತ್ತೈತಿ ಅಕ್ಕಾ" ಎಂದಳು ದೀಪಾಲಿ. "ಆದ್ರ ಎರಡ ವರ್ಷ ಆತು, ಮತ್ತೊಂದ ಆರ್ಡರ್ ಬಂದಿಲ್ಲ. ಬ್ಯಾಡ ಅಂತ ನೀ ಹೇಳಿದ್ರ ಹೋಗಾಂಗಿಲ್ಲ."

ಬೇಡ ಎನ್ನಲು ಸಪನಾಳ ಬಾಯಿ ತೆರೆಯಿತು. ಬೇಡವೆಂದರೆ ಆಮೇಲೆ ಏನು ಎಂದು ಹುಡುಗಿ ಕೇಳಿದರೆ ಕೊಡಲು ಅವಳ ಬಳಿ ಏನೂ ಇರಲಿಲ್ಲ. ಅವಳು ಅಂದಳು:

"ಡಬ್ಬಿ ಪಟ್ಟಿ ಹೆಗಲಿಗಿ ಕೊರೀತೈತಿ. ಪಟ್ಟಿ ಕೆಳಗ ಒಂದ ಮೆತ್ತನ ಅರಿವಿ ಹಾಕ್ಕೊ. ಮುಂಜಾನೆ ಹೊಳಿ ದಂಡಿಗುಂಟ ಥಂಡಿ ಬಾಳ ಇರತೈತಿ, ಕಿವಿ ಕಟ್ಕೊಂಡ ಹೋಗು."

ದೀಪಾಲಿ ತಲೆಯಾಡಿಸಿದಳು. ಸೋಮವಾರದಿಂದ ಕೆಲಸಕ್ಕೆ ಹೋದಳು.